ಭೇಟಿಯ ಖರ್ಚು ಯಾವ ಖಾತೆಗೆ?



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಜಾತ್ರೆಯ ಜಮಾ-ಖರ್ಚು, ದಾಸೋಹಕ್ಕೆ ಬಂದ ಜೋಳದ ಚೀಲಗಳ ಲೆಕ್ಕ, ಪ್ರಸಾದ ನಿಲಯದ ಹುಡುಗರ ಪರೀಕ್ಷೆಯ ಫಲಿತಾಂಶ ಇಷ್ಟನ್ನೇ ಬರೆಯುವವರು. ಈ ಸಲ ನಮ್ಮ ಮನೆಯ ವಿಷಯವೊಂದನ್ನು ತಮ್ಮ ಮುಂದೆ ಇಡುತ್ತಿದ್ದೇವೆ. ಪೂಜ್ಯರ ಅಪ್ಪಣೆ ಪಡೆದೇ ಬರೆಯುತ್ತಿದ್ದೇವೆ. ವಿಷಯ ಯಾರದೋ ಅವರಿಗೂ ಫೋನು ಮಾಡಿ ಕೇಳಿದ್ದಾಯಿತು. "ಬರಿಯಪ್ಪ, ಹೆಸರು ಒಂದು ಹಾಕಬ್ಯಾಡ" ಎಂದರು. ನಮ್ಮ ಅಣ್ಣನವರನ್ನು ಮಾತ್ರ ಕೇಳಿಲ್ಲ. ಏಕೆಂಬುದು ಮುಂದೆ ತಿಳಿಯುತ್ತದೆ.

2025ರ ಜುಲೈಯಲ್ಲಿ, ಪಂಢರಪುರದ ಆಷಾಢಿ ಏಕಾದಶಿಯ ಗದ್ದಲ ಮುಗಿದ ಮರು ವಾರ, ನಾವು, ನಮ್ಮ ಮನೆಯವರು ಮತ್ತು ಹನ್ನೊಂದು ವರ್ಷದ ಮಗಳು ಗೋವೆಯ ವಾಸ್ಕೋಕ್ಕೆ ಹೋಗಿ ಬಂದೆವು. ಅಲ್ಲಿ ನಮ್ಮ ಸೋದರತ್ತೆ ಇದ್ದಾರೆ. ಶುಕ್ರವಾರ ಸಂಜೆ ಜತ್ತದಿಂದ ಎಸ್.ಟಿ. ಹಿಡಿದು ಮಿರಜ, ಮಿರಜದಿಂದ ರಾತ್ರಿಯ ಗೋವಾ ಎಕ್ಸ್‌ಪ್ರೆಸ್. ಶನಿವಾರ ಬೆಳಗ್ಗೆ ಅಲ್ಲಿ, ರವಿವಾರ ಮಧ್ಯಾಹ್ನ ಅದೇ ಗಾಡಿಗೆ ಮರಳುವುದು. ಸೋಮವಾರ ನಮಗೆ ಶ್ರೀಮಠದ ಕಚೇರಿ, ಮಗಳಿಗೆ ಶಾಲೆ. ಒಂದೂವರೆ ದಿನದ ಭೇಟಿ. ಇಷ್ಟರಲ್ಲಿ ಬರೆಯುವಂಥದ್ದು ಏನಿದೆ ಎಂದು ತಾವು ಕೇಳಬಹುದು.

ನಾವು ಬಿ.ಕಾಂ. ಓದಿದವರು. ಖರ್ಚಾದ ರಾತ್ರಿಯೇ ಕಿರ್ದಿಯಲ್ಲಿ ಬರೆಯದಿದ್ದರೆ ನಿದ್ದೆ ಹತ್ತದು. ಮಿರಜ ಸ್ಟೇಶನ್ನಿನ ಬಾಕಿನ ಮೇಲೆ ಕುಳಿತು ಟಿಕೆಟ್ಟಿನ ಹಣವನ್ನು ಡೈರಿಯಲ್ಲಿ ಬರೆದೆವು. ತಾರೀಖು ಬರೆದೆವು, ಮೊಬಲಗು ಬರೆದೆವು. ಖಾತೆಯ ಹೆಸರಿನ ಕಾಲಂ ಬಂದಾಗ ಕೈ ನಿಂತಿತು. ಈ ಖರ್ಚು ಮನೆಯ ಖಾತೆಗೋ, ಹೊಲದ ಖಾತೆಗೋ? ಅತ್ತೆಯವರನ್ನು ನೋಡಲು ಹೋಗುತ್ತಿದ್ದರೆ ಮನೆ ಖರ್ಚು. ಆದರೆ ನಮ್ಮ ಚೀಲದ ತಳದಲ್ಲಿ, ಹೊಸ ಸೀರೆಯ ಮಡಿಕೆಯ ಕೆಳಗೆ, ವಕೀಲರ ಹತ್ತಿರ ಬರೆಸಿದ ಹಕ್ಕುಸೋಡ ಪತ್ರದ ಕರಡು ಇತ್ತು.

ವಿಷಯ ಇಷ್ಟು. ನಮ್ಮ ಅಜ್ಜನವರದು ಜತ್ತ ತಾಲೂಕಿನ ಪೂರ್ವಭಾಗದಲ್ಲಿ ಹನ್ನೆರಡು ಎಕರೆ. ಅವರಿಗೆ ಇಬ್ಬರೇ ಮಕ್ಕಳು, ನಮ್ಮ ತಂದೆ ಮತ್ತು ಈ ಅತ್ತೆ. 1988ರಲ್ಲಿ ಅಜ್ಜ ಲಿಂಗೈಕ್ಯರಾದಾಗ ತಲಾಠಿಯವರು ವಾರಸಾ ನೋಂದಿನಲ್ಲಿ ಇಬ್ಬರ ಹೆಸರನ್ನೂ ಏರಿಸಿದರು. ಅಂದಿನಿಂದ ಸಾತ್‌ಬಾರಾ ಉತಾರದ ಮೇಲೆ ಅತ್ತೆಯವರ ಹೆಸರು ಇದ್ದೇ ಇದೆ. ಮೂವತ್ತೇಳು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಏಕೆಂದರೆ ಆ ಹೊಲದಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಹುರುಳಿ ಬಿತ್ತಿದರೆ ಬೀಜವೂ ಮರಳದ ವರ್ಷಗಳನ್ನು ನಾವೇ ಕಂಡಿದ್ದೇವೆ. ಈಗ ಮ್ಹೈಸಾಳ ಯೋಜನೆಯ ಕೃಷ್ಣೆಯ ನೀರು ನಮ್ಮ ಕಡೆಗೂ ಬಂದಿದೆ, ಬಾವಿ ಬತ್ತುವುದಿಲ್ಲ. ಅಣ್ಣ ದಾಳಿಂಬೆ ಹಚ್ಚಿದ್ದಾರೆ. ಇನ್ನೂ ನಾಲ್ಕು ಎಕರೆ ಹೆಚ್ಚಿಸಲು ಬ್ಯಾಂಕಿನಲ್ಲಿ ಸಾಲ ಕೇಳಿದಾಗ, ಉತಾರದ ಮೇಲಿರುವ ಎಲ್ಲರ ಸಹಿ ಬೇಕೆಂದರು. ಅತ್ತೆಯವರ ಹೆಸರು ಎದ್ದು ಕಂಡದ್ದು ಆಗ.

ಅಣ್ಣನವರ ಯೋಜನೆ ಸರಳವಾಗಿತ್ತು. ಹಕ್ಕುಸೋಡ ಪತ್ರವನ್ನು ಹೊಲ ಇರುವ ತಾಲೂಕಿನ ನೋಂದಣಿ ಕಚೇರಿಯಲ್ಲಿ ಮಾಡಿಸುವುದು. ಅಂದರೆ ಅತ್ತೆಯವರೇ ಜತ್ತಕ್ಕೆ ಬರಬೇಕು. "ಪಂಚಮಿಗೆ ಕರಿಯಾಕ ಬಂದೀವಿ ಅನ್ನು. ಉಂಡಿ ಕೊಡು, ಸೀರಿ ಕೊಡು. ಬಂದ ಮ್ಯಾಲೆ ಕಚೇರಿಗೆ ಕರಕೊಂಡ ಹೋದರಾತು. ಮೊದಲ ಹೇಳಿದ್ರ ಅವರ ಮಗ ಅಡ್ಡ ಬರತಾನ." ಹೀಗೆ ನಾವು ಹೊರಟದ್ದು. ಅಣ್ಣನವರನ್ನು ಕೆಟ್ಟವರೆಂದು ತಿಳಿಯಬಾರದು. ಬರಗಾಲದಲ್ಲಿ ಆ ಹೊಲ ಬಿಡದೆ ಹಿಡಿದವರು ಅವರು. ನಾವು ಕಾಲೇಜಿಗೆ ಹೋದದ್ದು ಅವರ ದುಡಿಮೆಯಿಂದ.

ಲೋಂಡಾ ದಾಟಿದ್ದು ನಿದ್ದೆಯಲ್ಲಿ. ಕ್ಯಾಸಲ್‌ರಾಕಿನಲ್ಲಿ ಗಾಡಿ ನಿಂತು ಇಂಜಿನ್ನು ಜೋಡಿಸುವ ಸದ್ದಿಗೆ ಎಚ್ಚರವಾಯಿತು. ಅಲ್ಲಿಂದ ಕುಳೆಮ್‌ವರೆಗಿನ ಘಟ್ಟದ ಹಳಿ ಮೂವತ್ತೇಳು ಅಡಿಗೆ ಒಂದು ಅಡಿ ಇಳಿಯುವಂಥದ್ದು, ಹೆಚ್ಚಿನ ಇಂಜಿನ್ನುಗಳು ಹಿಡಿದುಕೊಂಡೇ ಗಾಡಿಯನ್ನು ಇಳಿಸುತ್ತವೆ. 1961ರ ಡಿಸೆಂಬರ್‌ವರೆಗೆ ಗೋವೆ ಪೋರ್ತುಗೀಜರ ಕೈಯಲ್ಲಿತ್ತು, ಕ್ಯಾಸಲ್‌ರಾಕಿನಲ್ಲಿ ಜಕಾತಿಯವರು ಚೀಲ ಬಿಚ್ಚಿ ನೋಡುತ್ತಿದ್ದರು. ಈಗ ಬಿಚ್ಚಿಸುವವರು ಯಾರೂ ಇಲ್ಲ. ನಮ್ಮ ಚೀಲದ ತಳದಲ್ಲಿದ್ದುದು ನಮಗೊಬ್ಬರಿಗೇ ಗೊತ್ತಿತ್ತು. ಮನೆಯವರಿಗೂ ಹೇಳಿರಲಿಲ್ಲ.

ಅತ್ತೆಯವರು ಗೋವೆಗೆ ಹೋದದ್ದು 1972ರ ಬರಗಾಲದಲ್ಲಿ. ಮದುವೆಯಾಗಿ ಎರಡು ವರ್ಷವಾಗಿತ್ತು. ಆ ವರ್ಷ ನಮ್ಮ ಕಡೆಯ ಜನ ಸರಕಾರದ ಕೆಲಸದ ಮೇಲೆ ಖಡಿ ಒಡೆದು ಬದುಕಿದ್ದನ್ನು ಹಿರಿಯರಿಂದ ತಾವು ಕೇಳಿಯೇ ಇರುತ್ತೀರಿ. ಮಾವನವರು ಖಡಿ ಒಡೆಯುವುದನ್ನು ಇಲ್ಲಿ ಬಿಟ್ಟು ಅಲ್ಲಿ ಹೋಗಿ ಒಡೆದರು. ಮುಂದೆ ಮುರಗಾಂವ ಬಂದರದಲ್ಲಿ ಹಮಾಲಿ, ಆಮೇಲೆ ಬೈನಾದಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿ. ಜೋಳ, ಶೇಂಗಾ, ಕೆಂಪು ಖಾರ, ನಮ್ಮ ಕಡೆಯ ಜನಕ್ಕೆ ಬೇಕಾದದ್ದು. ವಿಜಾಪುರ, ಬಾಗಲಕೋಟ, ಗದಗ, ಜತ್ತದ ಜನ ಅಲ್ಲಿ ಎಷ್ಟು ಇದ್ದಾರೆಂದರೆ, ವಾಸ್ಕೋ ಸ್ಟೇಶನ್ನಿನ ಹೊರಗೆ ನಾವು ರಿಕ್ಷಾದವನಿಗೆ ಹಿಂದಿಯಲ್ಲಿ ವಿಳಾಸ ಹೇಳಿದರೆ ಅವನು ಕನ್ನಡದಲ್ಲಿ ಉತ್ತರ ಕೊಟ್ಟ.

2004ರಲ್ಲಿ ಬೈನಾ ಕಡಲತಡಿಯ ಗುಡಿಸಲುಗಳನ್ನು ಕೆಡವಿದಾಗ ಆ ಅಂಗಡಿಯೂ ಹೋಯಿತು. ಆಗ ನಾವು ಬಿ.ಕಾಂ. ಮುಗಿಸಿ ಮನೆಯಲ್ಲಿದ್ದೆವು. ಎಸ್.ಟಿ.ಡಿ. ಬೂತಿನಿಂದ ಅತ್ತೆಯವರು ಫೋನು ಮಾಡಿದ್ದರು. ನಮ್ಮ ತಂದೆಯವರು ಐದುನೂರು ರೂಪಾಯಿ ಮನಿ ಆರ್ಡರ್ ಕಳಿಸಿದರು. ನಮ್ಮಲ್ಲಿಯೂ ಅದು ಬರದ ಕಾಲ, ದನಗಳನ್ನು ಛಾವಣಿಗೆ ಬಿಟ್ಟಿದ್ದೆವು. ಇದು ನಿಜವೇ. ಆದರೂ ಮಿರಜದಿಂದ ಒಂದು ರಾತ್ರಿಯ ದಾರಿ. ಯಾರೂ ಹೋಗಲಿಲ್ಲ.

ಈಗ ಅವರ ಮನೆ ಝುವಾರಿನಗರದ ದಿಬ್ಬದ ಮೇಲಿದೆ. ಕೆಂಪು ಚಿರೆಕಲ್ಲಿನ ಗೋಡೆ, ತಗಡಿನ ಮಾಡು, ಎರಡು ಕೋಣೆ. ಮಾವನವರು ತೀರಿಕೊಂಡು ಆರು ವರ್ಷವಾಯಿತು. ಮಗ ಮೊದಲು ಅದಿರಿನ ಟಿಪ್ಪರ್ ಓಡಿಸುತ್ತಿದ್ದ, ಸಾಲ ಮಾಡಿ ಒಂದು ಸ್ವಂತದ್ದನ್ನೂ ಕೊಂಡಿದ್ದ. 2012ರಲ್ಲಿ ಗೋವೆಯ ಗಣಿ ನಿಂತವು, ನಡುವೆ ಒಂದಿಷ್ಟು ಸುರುವಾಗಿ 2018ರಲ್ಲಿ ಮತ್ತೆ ನಿಂತವು. ಟಿಪ್ಪರ್ ಮಾರಿದ. ಸಾಲ ಮಾತ್ರ ಪೂರ್ತಿ ಮಾರಾಟವಾಗಲಿಲ್ಲ. ಈಗ ಇನ್ನೊಬ್ಬರ ಗಾಡಿ ಓಡಿಸುತ್ತಾನೆ.

ಅತ್ತೆಯವರು ಬಾಗಿಲಲ್ಲಿ ನಿಂತಿದ್ದರು. ಮಳೆ ಎಂಥದ್ದೆಂದರೆ ರಿಕ್ಷಾದಿಂದ ಬಾಗಿಲಿಗೆ ಹತ್ತು ಹೆಜ್ಜೆ ಹಾಕುವುದರಲ್ಲಿ ತೊಯ್ದು ಹೋದೆವು. ಮಗಳಿಗೆ ಟವೆಲ್ಲು, ನಮಗೆ ಮಾವನವರ ಒಂದು ಪಂಚೆ. ಸ್ನಾನ, ಲಿಂಗಪೂಜೆ ಮುಗಿದ ಮೇಲೆ ಚೀಲ ಬಿಚ್ಚಿದೆವು. ಮೊದಲು ಖಡಕ್ ರೊಟ್ಟಿ, ಆಮೇಲೆ ಬಿಳಿಜೋಳದ ಹಿಟ್ಟು, ಶೇಂಗಾ ಚಟ್ನಿ, ಒಣದ್ರಾಕ್ಷಿ, ಅಣ್ಣನ ತೋಟದ ದಾಳಿಂಬೆ. ಅತ್ತೆಯವರು ರೊಟ್ಟಿಯನ್ನು ಎತ್ತಿ ಮುರಿದು ನೋಡಿದರು. ಸದ್ದು ಬಂತು. "ನಾಳಿಗೆ ಬರೂದಿಲ್ಲ ನೋಡು ಈ ಸಪ್ಪಳ" ಎಂದರು. ಕಡಲಗಾಳಿಗೆ, ಅದೂ ಮಳೆಗಾಲದಲ್ಲಿ, ನಮ್ಮ ಖಡಕ್ ರೊಟ್ಟಿ ಒಂದು ರಾತ್ರಿಯಲ್ಲಿ ಮೆತ್ತಗಾಗುತ್ತದೆ. ಅವರು ಅದನ್ನು ಬಿಸ್ಕೀಟಿನ ದೊಡ್ಡ ಡಬ್ಬಿಯಲ್ಲಿ ಹಾಕಿ, ಮುಚ್ಚಳಕ್ಕೆ ಬಟ್ಟೆ ಸುತ್ತಿ, ಒಲೆಯ ಮೇಲಿನ ಹಲಗೆಯ ಮೇಲಿಟ್ಟರು. ಐವತ್ತು ವರ್ಷದ ರೂಢಿ.

ಸೀರೆಯನ್ನು ತೆಗೆಯುವಾಗ ಕೆಳಗಿನ ಕಾಗದದ ಪಾಕೀಟನ್ನು ಎಡಗೈಯಿಂದ ಒತ್ತಿ ಹಿಡಿದೆವು. ಪಂಚಮಿಗೆ ಕರೆಯಲು ಬಂದಿದ್ದೇವೆಂದು ಮನೆಯವರು ಹೇಳಿದರು. ಅವರು ನಂಬಿಯೇ ಹೇಳಿದರು. ಅತ್ತೆಯವರು ಸೀರೆಯ ಮೇಲೆ ಕೈಯಾಡಿಸಿ, ಬಣ್ಣ ಚಲೋ ಐತಿ ಎಂದು, ನಮ್ಮ ಕಡೆ ನೋಡಿ ಕೇಳಿದರು:

"ಕಾಗದ ಎಲ್ಲಿ ಐತಿ, ಕೊಡು."

ನಾವು ಯಾವ ಕಾಗದ ಎಂದೆವು. ಅಷ್ಟು ಹೇಳಲು ನಮಗೆ ನಾಚಿಕೆಯಾಗಲಿಲ್ಲವೆಂಬುದೇ ಈಗ ನಾಚಿಕೆ.

"ತಮ್ಮಾ, ನಾ ಇಲ್ಲಿಗೆ ಬಂದು ಐವತ್ತಮೂರು ವರ್ಷಾತು. ತವರಮನ್ಯಾಂವರು ಮೂರ ಸಲ ಬಂದಾರ. ನಿಮ್ಮಪ್ಪ ಬಂದಿದ್ದ, ವಾರಸಾದ ಕಾಗದ ತಂದಿದ್ದ. ನಿಮ್ಮಣ್ಣ ಬಂದಿದ್ದ, ನಿನ್ನ ಲಗ್ನದ ಕಾಗದ ತಂದಿದ್ದ. ಈಗ ನೀ ಬಂದಿ. ಅಂಗಡಿ ಬಿದ್ದ ವರ್ಷ ಯಾರೂ ಬರಲಿಲ್ಲ. ಆಗ ಕಾಗದ ಇರಲಿಲ್ಲಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಹಾಲು ತಂದವನ ಲೆಕ್ಕ ಹೇಳಿದ ಹಾಗೆ ಹೇಳಿದರು. ನಾವು ಪಾಕೀಟನ್ನು ತೆಗೆದು ಕೊಟ್ಟೆವು. ಅವರಿಗೆ ಮರಾಠಿ ಓದಲು ಬರುವುದಿಲ್ಲ. ಅದನ್ನು ಸೀರೆಯ ಮೇಲೆಯೇ ಇಟ್ಟು, ಸೀರೆಯ ಸಮೇತ ಪೆಟ್ಟಿಗೆಯೊಳಗೆ ಇಟ್ಟು, ಉಪ್ಪಿಟ್ಟು ಮಾಡಲು ಎದ್ದರು.

ಆ ರಾತ್ರಿ ತಗಡಿನ ಮೇಲೆ ಮಳೆ ಬಡಿಯುತ್ತಿದ್ದಾಗ ನಮಗೆ ಹೊಳೆದದ್ದನ್ನೂ ಊರಿಗೆ ಬಂದ ಮೇಲೆ ಯೋಚಿಸಿದ್ದನ್ನೂ ತಮ್ಮೊಡನೆ ಹಂಚಿಕೊಳ್ಳಬೇಕೆಂದೇ ಈ ಬರಹ.

ಕೆಲಸವಿಟ್ಟುಕೊಂಡು ಬಂಧುಗಳ ಮನೆಗೆ ಹೋಗುವುದು ತಪ್ಪೇ? ತಪ್ಪೆಂದರೆ ನಮ್ಮಲ್ಲಿ ಯಾರೂ ಯಾರ ಮನೆಗೂ ಹೋಗುವಂತಿಲ್ಲ. ಸಂತೆಗೆ ಹೋದ ರೈತ ಅಕ್ಕನ ಮನೆಯಲ್ಲಿ ಉಂಡು ಬರುತ್ತಾನೆ. ವಸೂಲಿಗೆ ಹೋದ ವ್ಯಾಪಾರಿ ಷಡ್ಡಕನ ಮನೆಯಲ್ಲಿ ಮಲಗುತ್ತಾನೆ. ಸೊಲ್ಲಾಪುರಕ್ಕೆ ಆಸ್ಪತ್ರೆಗೆ ಹೋದವರು ಕಾಕಾನ ಮನೆಯಲ್ಲಿ ಇಳಿಯುತ್ತಾರೆ. ಇದರಲ್ಲಿ ಕೆಟ್ಟದ್ದೇನೂ ಇಲ್ಲ. ದುಡಿಯುವ ಜನಕ್ಕೆ ನೆಪವಿಲ್ಲದೆ ಮನೆ ಬಿಡಲು ಆಗುವುದಿಲ್ಲ. ನೆಪ ಎಂಬುದು ಸುಳ್ಳಲ್ಲ. ಮನಸ್ಸಿನಲ್ಲಿ ಹೋಗಬೇಕೆಂದಿರುತ್ತದೆ, ಕಾಲು ಏಳುವುದಿಲ್ಲ. ನೆಪ ಬಂದು ಕಾಲನ್ನು ಎಬ್ಬಿಸುತ್ತದೆ. ಅಕ್ಕನಿಗೂ ಗೊತ್ತು ತಮ್ಮ ಸಂತೆಗೆ ಬಂದವನೆಂದು. ಅವಳಿಗೆ ಬೇಸರವಿಲ್ಲ.

ನಮ್ಮ ಚೀಲದಲ್ಲಿದ್ದುದು ನೆಪವಾಗಿರಲಿಲ್ಲ. ನೆಪವನ್ನು ಮುಂದಿಟ್ಟುಕೊಂಡು ಹೋಗುತ್ತೇವೆ, ಬಾಗಿಲಲ್ಲೇ ಹೇಳುತ್ತೇವೆ. ನಾವು ಮುಂದಿಟ್ಟದ್ದು ಪಂಚಮಿಯನ್ನು, ಹಿಂದಿಟ್ಟದ್ದು ಕೆಲಸವನ್ನು. ಇದಕ್ಕೆ ಮರೆ ಎನ್ನಬೇಕು. ಎರಡರ ನಡುವಿನ ಗೆರೆ ತೆಳುವೇನೂ ಅಲ್ಲ. ತಾವು ಯಾರ ಮನೆಗೆ ಹೊರಟಿದ್ದೀರೋ ಅವರಿಗೆ ಹೊರಡುವ ಮೊದಲೇ ಫೋನಿನಲ್ಲಿ ಆ ಕೆಲಸವನ್ನು ಹೇಳಬಲ್ಲಿರಾ, ಹೇಳಿದ ಮೇಲೂ ಅವರು ಬಾ ಎಂದರೆ ಅದು ನೆಪ. ಹೇಳಿದರೆ ಕೆಲಸ ಕೆಡುತ್ತದೆಂದು ಅನಿಸಿದರೆ ಅದು ಮರೆ. ನಮ್ಮ ಅಣ್ಣನವರು "ಮೊದಲ ಹೇಳಿದ್ರ" ಎಂದದ್ದು ಇದಕ್ಕೇ ಸರಿಯಾಗಿ ಹೊಂದುತ್ತದೆ.

ಇದರಲ್ಲಿ ಇನ್ನೊಂದು ಕೆಡುಕಿದೆ. ಮರೆಯಿಟ್ಟು ಕೊಟ್ಟ ಸೀರೆ ಸೀರೆಯಾಗಿ ಉಳಿಯುವುದಿಲ್ಲ. ಅದು ಬಯಾನೆಯಾಗುತ್ತದೆ. ದನದ ಸಂತೆಯಲ್ಲಿ ಕೈವಸ್ತ್ರದ ಕೆಳಗೆ ಬೆರಳು ಹಿಡಿದು ಬೆಲೆ ಮಾಡುವುದನ್ನು ತಾವೆಲ್ಲ ಬಲ್ಲಿರಿ. ಸೀರೆಯ ಕೆಳಗೆ ಪಾಕೀಟನ್ನು ಒತ್ತಿ ಹಿಡಿದ ನಮ್ಮ ಎಡಗೈ ಅದನ್ನೇ ಮಾಡುತ್ತಿತ್ತು. ವ್ಯತ್ಯಾಸವೆಂದರೆ ಸಂತೆಯಲ್ಲಿ ಇಬ್ಬರಿಗೂ ವ್ಯಾಪಾರ ನಡೆದಿದೆಯೆಂದು ಗೊತ್ತಿರುತ್ತದೆ.

ನಮ್ಮ ಸಮಾಜದಲ್ಲಿ ಹೆಣ್ಣುಮಕ್ಕಳ ಪಾಲಿನ ಮಾತು ಬಂದಾಗ ಒಂದು ಉತ್ತರ ಸಿದ್ಧವಾಗಿರುತ್ತದೆ. ಅವಳ ಮದುವೆಗೆ ಖರ್ಚು ಮಾಡಿದ್ದೇವೆ, ಬಾಣಂತನ ಮಾಡಿದ್ದೇವೆ, ಪ್ರತಿ ಪಂಚಮಿಗೆ ಉಡಿ ತುಂಬುತ್ತೇವೆ. ಅದೇ ಅವಳ ಪಾಲು. ಲೆಕ್ಕ ಓದಿದವರಾಗಿ ಕೇಳುತ್ತೇವೆ. ಹಾಗಾದರೆ ಉಡಿ ತುಂಬಿದಾಗೆಲ್ಲ ಅದನ್ನು ಕಂತೆಂದು ಬರೆದುಕೊಂಡಿದ್ದೀರಾ? ಬರೆದುಕೊಂಡಿದ್ದರೆ ಅದು ಪ್ರೀತಿಯಲ್ಲ, ಸಾಲ ತೀರಿಸಿದ್ದು. ಆಗ ಪೂರ್ತಿ ತೀರಿದೆಯೋ ಇಲ್ಲವೋ ಲೆಕ್ಕ ತೋರಿಸಬೇಕು. ಬರೆದುಕೊಂಡಿಲ್ಲವೆಂದರೆ ಅದು ಪ್ರೀತಿಯ ಕೊಡುಗೆ. ಆಗ ಅದನ್ನು ಪಾಲಿಗೆ ವಜಾ ಹಾಕುವ ಹಕ್ಕು ನಮಗಿಲ್ಲ. ಒಂದೇ ರಸೀದಿಯನ್ನು ಎರಡು ಖಾತೆಗೆ ಹಚ್ಚಿದರೆ ನಮ್ಮ ಶ್ರೀಮಠದ ಆಡಿಟರರು ಸುಮ್ಮನಿರುವುದಿಲ್ಲ.

ಕಾಯ್ದೆಯ ಮಾತನ್ನು ಬೇಗ ಹೇಳಿ ಮುಗಿಸುತ್ತೇವೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಎರಡನೇ ಕಲಮಿನಲ್ಲಿಯೇ ವೀರಶೈವ, ಲಿಂಗಾಯತ ಎಂಬ ಹೆಸರುಗಳಿವೆ. ಅದು ನಮಗೆ ಅನ್ವಯಿಸುವುದೋ ಇಲ್ಲವೋ ಎಂಬ ಸಂಶಯ ಬೇಡ. 1994ರಲ್ಲಿ ಮಹಾರಾಷ್ಟ್ರವು ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನ ಸಮ ಹಕ್ಕು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ತಂದೆ 2005ಕ್ಕೆ ಮೊದಲೇ ತೀರಿದ್ದರೂ ಮಗಳ ಹಕ್ಕು ಹೋಗುವುದಿಲ್ಲವೆಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮೊದಲೇ ಕ್ರಮಬದ್ಧವಾಗಿ ವಾಟ್ನಿ ಆಗಿದ್ದರೆ ಮಾತು ಬೇರೆ. ನಮ್ಮಲ್ಲಿ ವಾಟ್ನಿ ಆಗಿರಲಿಲ್ಲ. ಹನ್ನೆರಡರಲ್ಲಿ ಆರು ಎಕರೆ ಅತ್ತೆಯವರದು. ಉಳಿದ ಆರರಲ್ಲಿ ಅಣ್ಣನಿಗೆ ಮೂರು, ನಮಗೆ ಮೂರು. ಬರೆಯುವಾಗ ಸುಲಭ, ಅಣ್ಣನಿಗೆ ಇದನ್ನು ಹೇಳುವಾಗ ನಮ್ಮ ಬಾಯಿ ಒಣಗಿತ್ತು.

ರೈತ ಬಾಂಧವರು ಒಂದು ಮಾತು ಕೇಳುತ್ತಾರೆ, ಅದು ಕಡೆಗಣಿಸುವಂಥದ್ದಲ್ಲ. ಹೀಗೆ ಹೆಣ್ಣುಮಕ್ಕಳೆಲ್ಲ ಪಾಲು ಕೇಳಿದರೆ ಹೊಲ ತುಂಡು ತುಂಡಾಗಿ ಯಾರಿಗೂ ಒಂದು ಕೂರಿಗೆ ಹೂಡಲು ಜಾಗ ಉಳಿಯುವುದಿಲ್ಲ. ಬೆವರು ಸುರಿಸಿದವನು ಒಬ್ಬ, ಪಾಲು ಪಡೆಯುವವರು ಊರು ಬಿಟ್ಟವರು. ನಿಜ. ಆದರೆ ನಾಲ್ಕು ಜನ ಗಂಡುಮಕ್ಕಳಿದ್ದಾಗ ಹೊಲ ತುಂಡಾಗುವುದಿಲ್ಲವೇ? ಪುಣೆಯಲ್ಲಿ ನೌಕರಿ ಮಾಡುವ ತಮ್ಮನಿಗೆ, ನೀನು ಊರು ಬಿಟ್ಟವನು, ಬಿಟ್ಟುಕೊಡು ಎಂದು ಸೀರೆ ಒಯ್ದು ಕೇಳಿದವರನ್ನು ನಾವು ಕಂಡಿಲ್ಲ. ದುಡಿದವನ ಬೆವರಿಗೆ ಬೆಲೆ ಕಟ್ಟಲೇಬೇಕು. ನಮ್ಮ ಅಣ್ಣ ತಂದ ಪೈಪು, ತೋಡಿದ ಬಾವಿ, ಹಚ್ಚಿದ ಗಿಡ ಇವೆಲ್ಲ ಅವರವು. ಅದನ್ನು ಅತ್ತೆಯವರೆದುರು ಕುಳಿತು ಹೇಳಬೇಕು. ಅತ್ತೆಯವರಿಗೆ ಅದು ತಿಳಿಯದ ಮಾತೇ? ಅವರು ಖಡಿ ಒಡೆದವರು.

ಬಿಟ್ಟುಕೊಡುವ ಹೆಣ್ಣುಮಕ್ಕಳು ಇದ್ದಾರೆ. ಮನಸ್ಸಿನಿಂದಲೇ ಬಿಡುತ್ತಾರೆ, ತವರು ಗಟ್ಟಿಯಾಗಿರಲಿ ಎಂದು. ಅವರ ಕೈಯನ್ನು ಕಾಯ್ದೆ ಹಿಡಿಯುವುದಿಲ್ಲ, ನಾವೂ ಹಿಡಿಯಬೇಕಿಲ್ಲ. ಆದರೆ ತನ್ನದೆಂದು ಗೊತ್ತಿದ್ದು ಬಿಟ್ಟರೆ ಅದು ಬಿಟ್ಟದ್ದು. ಗೊತ್ತಿಲ್ಲದೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ನಾವು ತೆಗೆದುಕೊಂಡದ್ದು. ದಾಸೋಹಕ್ಕೆ ಜೋಳ ತಂದ ಭಕ್ತರಿಗೆ ನಾವು ಚೀಲ ತೂಗಿ, ತೂಕ ಹೇಳಿಯೇ ರಸೀದಿ ಕೊಡುತ್ತೇವೆ. ಇಷ್ಟು ಕೊಟ್ಟಿರಿ ಎಂದು ಅವರಿಗೆ ಗೊತ್ತಾಗಲಿ ಎಂದೇ ತೂಗುವುದು. ಅತ್ತೆಯವರ ಆರು ಎಕರೆಯನ್ನು ತೂಗದೆಯೇ ತರಲು ಹೋಗಿದ್ದೆವು. ಬಸವಾದಿ ಶರಣರ ಅನುಭವ ಮಂಟಪದಲ್ಲಿ ಹೆಣ್ಣು-ಗಂಡೆಂಬ ಭೇದವಿರಲಿಲ್ಲವೆಂದು ಬಸವ ಜಯಂತಿಯ ದಿನ ಸ್ವಾಗತ ಭಾಷಣದಲ್ಲಿ ಪ್ರತಿ ವರ್ಷ ಹೇಳುವವರು ನಾವೇ.

ಇರಲಿ. ರವಿವಾರ ಬೆಳಗ್ಗೆ ಮಳೆ ಒಂದು ತಾಸು ಬಿಟ್ಟಿತು. ಮಗಳು ಸಮುದ್ರ ನೋಡಬೇಕೆಂದು ಹಟ ಹಿಡಿದಿದ್ದಳು. ಅತ್ತೆಯವರ ಮಗ ನಮ್ಮನ್ನೆಲ್ಲ ಬೈನಾಕ್ಕೆ ಕರೆದುಕೊಂಡು ಹೋದ. ಅಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ಬಂದಿರುತ್ತದೆ, ಹಾಗಾಗಿ ಕಡಲಿನ ಮೇಲೆ ಏನೂ ಇರಲಿಲ್ಲ. ಬರೀ ನೀರು, ಕೆಂಪಗೆ ಕದಡಿದ ನೀರು, ಬಂದು ಬಂದು ಬಡಿಯುತ್ತಿತ್ತು. ಬದಿಗೆ ಬಂದರದ ಕ್ರೇನುಗಳು. ನಮ್ಮ ಮಗಳು ಇಷ್ಟು ನೀರನ್ನು ಒಟ್ಟಿಗೆ ಎಂದೂ ಕಂಡವಳಲ್ಲ. "ಅಜ್ಜಿ, ನೀವು ದಿನಾ ಬರತೀರೇನು ಇಲ್ಲಿ?" ಎಂದು ಕೇಳಿದಳು. ಅತ್ತೆಯವರು ನಕ್ಕರು. "ಕುಡಿಯಾಕ ಬಾರದ ನೀರು ಏನ ನೋಡೂದವಾ. ನಮ್ಮ ಬಾವ್ಯಾಗ ಇದರಾಗಿನ ಒಂದು ಕೊಡ ಸಿಹಿನೀರ ಇದ್ದಿದ್ರ ನಾ ಇಲ್ಲಿಗೆ ಬರತಿರಲಿಲ್ಲ."

ಹಿಂದಿರುಗುವಾಗ ಅವರ ಮಗ ತನ್ನ ತಾಯಿಗೆ ಕೇಳಿಸದಂತೆ ನಮಗೆ ಹೇಳಿದ: "ಅಣ್ಣಾರ, ನನಗ ಸಾಲ ಐತಿ, ಸುಳ್ಳ ಹೇಳೂದಿಲ್ಲ. ಆ ಹೊಲ ಬಂದ್ರ ನನಗ ಬಿಡಗಡಿ ಆಗತೈತಿ. ಆದ್ರ ಅವ್ವ ಬ್ಯಾಡ ಅಂದ್ರ ನಾ ಕೇಳಾಂವಲ್ಲ." ನಾವು ಏನೂ ಹೇಳಲಿಲ್ಲ. ನಾವು ಕಾಗದವನ್ನು ಮುಚ್ಚಿ ತಂದಿದ್ದೆವು, ಅವನು ತನ್ನ ಆಸೆಯನ್ನು ಬಿಚ್ಚಿ ಮುಂದಿಟ್ಟ. ಯಾರು ಓದಿದವರು?

ಗಾಡಿ ಹೊರಡುವ ಮೊದಲು ಅತ್ತೆಯವರು ಪಂಚಮಿಗೆ ಬರುವುದಾಗಿ ಹೇಳಿದರು. "ಸಹಿ ಮಾಡೂದು ಬಿಡೂದು ಹೊಲಾ ನೋಡಿದ ಮ್ಯಾಲೆ. ಕಾಗದ ನನ್ನ ಹಂತೇಕ ಇರಲಿ." ಹಿಂದಿರುಗುವಾಗ ಹಗಲು. ದೂಧಸಾಗರ ತುಂಬಿ ಸುರಿಯುತ್ತಿತ್ತು, ಗಾಡಿಯವರೆಲ್ಲ ಕಿಟಕಿಗೆ ಮುಗಿಬಿದ್ದರು. ನಮ್ಮ ಮನೆಯವರು ಮಾತ್ರ ನೋಡಲಿಲ್ಲ. ಬೆಳಗಾವಿ ಬರುವವರೆಗೆ ನಮ್ಮೊಡನೆ ಮಾತಾಡಲಿಲ್ಲ. ತಮ್ಮ ಬಾಯಿಂದ ಸುಳ್ಳು ಹೇಳಿಸಿದಿರಿ ಎಂದು. ಅದೂ ಸರಿಯೇ. ಮರೆಯಿಟ್ಟವನ ಜೊತೆಗೆ ಹೋದವರಿಗೂ ಅದರ ಮಸಿ ಹತ್ತುತ್ತದೆ.

ಅತ್ತೆಯವರು ಪಂಚಮಿಗೆ ಎರಡು ದಿನ ಮೊದಲೇ ಬಂದರು, ಮಗನೇ ಮಿರಜದವರೆಗೆ ತಂದು ಬಿಟ್ಟ. ಜುಲೈ 29ಕ್ಕೆ ಪಂಚಮಿ. ಹಿಂದಿನ ದಿನ ಅವರನ್ನು ಹೊಲಕ್ಕೆ ಕರೆದೊಯ್ದೆವು. ಬಾವಿಯ ಕಟ್ಟೆ ಹಿಡಿದು ಬಹಳ ಹೊತ್ತು ಕೆಳಗೆ ನೋಡುತ್ತ ನಿಂತರು. ಎಲ್ಲಿಯವರೆಗೆ ಮೆಟ್ಟಿಲು ಇಳಿದು ಬಟ್ಟಲಿನಿಂದ ಕೊಡಕ್ಕೆ ನೀರು ತುಂಬುತ್ತಿದ್ದೆ ಎಂದು ಕೈ ಮಾಡಿ ತೋರಿಸಿದರು. ಆ ಮೆಟ್ಟಿಲುಗಳು ಈಗ ನೀರಿನಡಿಯಲ್ಲಿವೆ. ಅಣ್ಣ ಸ್ವಲ್ಪ ದೂರದಲ್ಲಿ ದಾಳಿಂಬೆಯ ಸಾಲಿನಲ್ಲಿ ನಿಂತಿದ್ದರು. ಅತ್ತೆಯವರು ಒಂದೊಂದು ಗಿಡವನ್ನೂ ನೋಡಿ, ಇದಕ್ಕೆ ಎಷ್ಟು ಖರ್ಚಾತು, ಔಷಧಕ್ಕೆ ಎಷ್ಟು ಎಂದು ಕೇಳಿದರು. ಅಂಗಡಿ ನಡೆಸಿದವರು, ಲೆಕ್ಕ ಬಾಯಲ್ಲೇ ಮಾಡುತ್ತಾರೆ.

ಬ್ಯಾಂಕಿಗೆ ಬಂದು ಸಾಲದ ಕಾಗದಕ್ಕೆ ಸಹಿ ಮಾಡಿದರು. ಕನ್ನಡದಲ್ಲಿ ಮಾಡಿದರು, ಅಲ್ಲಿಯ ಗುಮಾಸ್ತರು ಒಮ್ಮೆ ನೋಡಿ ಸುಮ್ಮನಾದರು. ಹಕ್ಕುಸೋಡ ಪತ್ರವನ್ನು ಮಾತ್ರ ಮಡಿಚಿಯೇ ಮರಳಿ ಅಣ್ಣನ ಕೈಗೆ ಕೊಟ್ಟರು. "ನಿನ್ನ ಗಿಡಕ್ಕ ನಾ ಅಡ್ಡ ಬರೂದಿಲ್ಲ, ನೀನ ಮಾಡಕೋ. ಹೆಸರ ಇರಲಿ. ನನ್ನ ಹೆಸರ ಇರೂದು ಈ ಊರಾಗ ಅದೊಂದ ಜಾಗಾದಾಗ."

ಅಣ್ಣನವರಿಗೆ ಇದು ಸಮಾಧಾನ ತಂದಿಲ್ಲ. ಸಾಲ ಸಿಕ್ಕಿತು, ಗಿಡ ಹಚ್ಚಿದರು, ಆದರೆ ಹೆಸರು ಉಳಿದರೆ ನಾಳೆ ಅವಳ ಮಗನ ಹೆಸರು ಬರುತ್ತದೆ ಎಂಬುದು ಅವರ ಚಿಂತೆ. ಅದು ಸುಳ್ಳು ಚಿಂತೆಯಲ್ಲ, ಬಂದೇ ಬರುತ್ತದೆ. ನೀನು ಹೋಗಿ ಕೆಲಸ ಕೆಡಿಸಿ ಬಂದಿ ಎಂದು ನಮ್ಮೊಡನೆ ಮಾತು ಬಿಟ್ಟಿದ್ದಾರೆ. ದಾಸೋಹಕ್ಕೆ ದಾಳಿಂಬೆಯ ಬುಟ್ಟಿಯನ್ನು ಈಗಲೂ ಆಳಿನ ಕೈಯಲ್ಲಿ ಕಳಿಸುತ್ತಾರೆ, ರಸೀದಿಯನ್ನೂ ಆಳೇ ಒಯ್ಯುತ್ತಾನೆ. ನಮ್ಮ ಪಾಲಿನಲ್ಲಿ ಏನು ಮಾಡಬೇಕೆಂಬುದನ್ನು ನಾವು ಇನ್ನೂ ನಿರ್ಧರಿಸಿಲ್ಲ. ಮೂರು ಎಕರೆಯ ಮಾತು ಮನೆಯವರೊಡನೆ ಎರಡು ಸಲ ಆಗಿದೆ. ಮಗಳು ಅಲ್ಲೇ ಕುಳಿತು ಕೇಳುತ್ತಿರುತ್ತಾಳೆ. ಅವಳನ್ನು ಈಗ ಒಳಗೆ ಹೋಗು ಎನ್ನುವುದಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಶುಕ್ರವಾರ ಮತ್ತೆ ವಾಸ್ಕೋಕ್ಕೆ ಹೊರಡುವುದಾಗಿ ಅತ್ತೆಯವರಿಗೆ ಫೋನಿನಲ್ಲಿ ತಿಳಿಸಿದೆವು. ಏನು ಕೆಲಸ ಎಂದು ಕೇಳಿದರು. ಏನೂ ಇಲ್ಲ ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಬರುವಾಗ ಬಿಳಿಜೋಳದ ಹಿಟ್ಟು ಐದು ಕಿಲೊ ತಾ, ಇಲ್ಲಿ ಸಿಗುವ ಹಿಟ್ಟಿಗೆ ಜಿಗಿ ಇಲ್ಲ, ರೊಟ್ಟಿ ಬಡಿದರೆ ಬಿರಿಯುತ್ತದೆ ಎಂದರು.